ಚೊಗರು, ಈಶ್ವರಿ ಬೇರು, ಬಿಂಬುಳಿ: ಕಿಡ್ನಿಗೆ ಹಾನಿಯೋ ಅಲ್ಲವೋ ಪರೀಕ್ಷಿಸುವ ಬಗೆ

ಮಲೆನಾಡಿನ ಮನೆಗಳಲ್ಲಿ ‘ಇದು ಕಿಡ್ನಿಗೆ ಒಳ್ಳೇದು’ ಎನ್ನುವ ಮಾತಿಗೆ ಬರವಿಲ್ಲ. ಬಾಳೆದಿಂಡಿನ ರಸ, ನೆಗ್ಗಿನಮುಳ್ಳಿನ ಕಷಾಯ, ಪುನರ್ನವ, ಬೇಲಿಸಾಲಲ್ಲಿ ಸಿಕ್ಕ ಯಾವುದೋ ಬೇರು. ಇದೇ ಸೊಪ್ಪು ಬೇರುಗಳನ್ನು ಹಿಡಿದು ಎಂ.ಎಸ್ಸಿ., ಎಂ.ಫಾರ್ಮ್ ಮಕ್ಕಳು ಪ್ರಾಜೆಕ್ಟ್ ಮಾಡುತ್ತಾರೆ, ಕೊನೆಗೆ ‘ಮೂತ್ರಪಿಂಡಕ್ಕೆ ಯಾವ ಹಾನಿಯೂ ಕಂಡುಬರಲಿಲ್ಲ’ ಎಂದು ಬರೆಯುತ್ತಾರೆ. ಆ ಸಾಲು ಗಟ್ಟಿಯೋ ಟೊಳ್ಳೋ ಎಂಬುದು ಎರಡೇ ಪ್ರಶ್ನೆಯ ಮೇಲೆ ನಿಂತಿದೆ: ಎಲ್ಲಿ ನೋಡಿದಿರಿ, ಯಾವಾಗ ನೋಡಿದಿರಿ.

ಬಹುಪಾಲು ಕಡೆ ನೋಡುವುದು ಸೀರಮ್ ಕ್ರಿಯಾಟಿನಿನ್ ಒಂದನ್ನೇ, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ತ್ಯಾಜ್ಯ ರಕ್ತದಲ್ಲಿ ಎಷ್ಟು ಉಳಿದಿದೆ ಎಂಬುದನ್ನು. ಅದು ತಡವಾಗಿ ಬಾಗಿಲು ತಟ್ಟುವ ಅತಿಥಿ. ಸೋಸುವ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧದಷ್ಟು ಹೋಗುವ ತನಕ ಅದು ‘ನಾರ್ಮಲ್’ ಗೆರೆಯೊಳಗೇ ಇರಬಹುದು. ಉಳಿದ ನೆಫ್ರಾನ್‌ಗಳು (ಕಿಡ್ನಿಯ ಸೋಸುವ ಘಟಕಗಳು) ಸತ್ತವುಗಳ ಕೆಲಸವನ್ನೂ ಹೊತ್ತುಕೊಳ್ಳುವುದರಿಂದ ಹೀಗೆ. ಆದ್ದರಿಂದ ಕ್ರಿಯಾಟಿನಿನ್ ಏರದಿದ್ದರೆ ‘ಹಾನಿ ಇಲ್ಲ’ ಎಂದಲ್ಲ, ‘ಅರ್ಧಕ್ಕಿಂತ ಹೆಚ್ಚು ಹಾನಿ ಇದ್ದಂತಿಲ್ಲ’ ಎಂದಷ್ಟೇ ಓದಬೇಕು.

ಜೀವಕೋಶ, ಇಲಿ ಎಲ್ಲ ಆಮೇಲೆ. ಮೊದಲು ಕೈಯಲ್ಲಿರುವುದು ಏನು ಎಂಬುದು ಗೊತ್ತಾಗಬೇಕು. ಗಿಡದ ಹೂ ಕಾಯಿ ಸಮೇತ ಹರ್ಬೇರಿಯಂ ಹಾಳೆ (ಒತ್ತಿ ಒಣಗಿಸಿ ಅಂಟಿಸಿದ ಮಾದರಿ) ಮಾಡಿ, ಬಲ್ಲವರಿಂದ ಗುರುತು ಹಿಡಿಸಿ, ಸಂಖ್ಯೆ ಹಾಕಿಡಿ. ಇದು ಬರೀ ಶಿಷ್ಟಾಚಾರವಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆ ತಿಂದ ಹೆಂಗಸರ ಕಿಡ್ನಿ ಸಾಲುಸಾಲಾಗಿ ಕೈಕೊಟ್ಟಿದ್ದು ಒಂದು ಚೀನೀ ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿದ್ದರಿಂದ. ಅದೇ ಕುಲದ ಅರಿಸ್ಟೊಲೋಕಿಯಾ ಇಂಡಿಕಾ ನಮ್ಮ ಕಾಡಂಚಿನಲ್ಲೇ ಹಬ್ಬುವ ಈಶ್ವರಿ ಬಳ್ಳಿ. ಹಾವಿನ ವಿಷಕ್ಕೆ ಮದ್ದು ಎಂದು ಅದರ ಬೇರನ್ನು ಅರೆದು ಕೊಡುವ ರೂಢಿ ಹಳೆಯದು. ಅರಿಸ್ಟೊಲೋಕಿಕ್ ಆಮ್ಲ ಇರುವ ಗಿಡಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿನಲ್ಲಿ ಇಟ್ಟಿದೆ. ಬೇರಿನ ಮೂಟೆಯಲ್ಲಿ ಅದರ ಚೂರು ಸೇರಿದೆ ಎಂಬ ಸಣ್ಣ ಅನುಮಾನ ಬಂದರೂ ಮೊದಲು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಆ ಆಮ್ಲವನ್ನು ಹುಡುಕಿಸಿ, ಆಮೇಲೆ ಇಲಿಯ ಮಾತು.

ಜತೆಗೇ ಲೋಹಗಳು. ಗಿಡಮೂಲಿಕೆಗೆ ನಮ್ಮಲ್ಲಿ ಬಳಕೆಯಲ್ಲಿರುವ ಮಿತಿ: ಸೀಸ 10 ಪಿಪಿಎಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಇವುಗಳಲ್ಲಿ ಕ್ಯಾಡ್ಮಿಯಂ ಮತ್ತು ಪಾದರಸ ನೇರವಾಗಿ ಕಿಡ್ನಿಯಲ್ಲೇ ಬೀಡುಬಿಡುವಂಥವು. ಸ್ಯಾಂಪಲ್ಲನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುವಾಗ ತೆರೆದ ಬೀಕರ್ ಇಟ್ಟು ಹಾಟ್‌ಪ್ಲೇಟ್ ಮೇಲೆ ಕುದಿಸಿದರೆ ಪಾದರಸ ಆವಿಯಾಗಿ ಹೋಗುತ್ತದೆ, ರಿಪೋರ್ಟು ಚೊಕ್ಕಟವಾಗಿ ಬರುತ್ತದೆ. ಮುಚ್ಚಿದ ಪಾತ್ರೆಯ ಮೈಕ್ರೋವೇವ್ ಡೈಜೆಸ್ಟರೇ ಬೇಕು. ಅಡಿಕೆ ತೋಟದ ಅಂಚಲ್ಲಿ ಕೊಯ್ದ ಸೊಪ್ಪಾದರೆ ತಾಮ್ರವನ್ನೂ ನೋಡಿ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಅದು ಮರದ ಗೊನೆಗೆ ಮಾತ್ರ ಬಿದ್ದು ಬುಡದ ಸೊಪ್ಪನ್ನು ಬಿಡುತ್ತದೆ ಎಂದುಕೊಳ್ಳಬೇಡಿ.

ಡೋಸ್ ಲೆಕ್ಕ ಒಣ ತೂಕದ ಮೇಲೆ. 10 ಮಿ.ಲೀ. ಕಷಾಯವನ್ನು ಮೊದಲೇ ತೂಗಿದ ಬಟ್ಟಲಲ್ಲಿ ಹಾಕಿ 105 ಡಿಗ್ರಿಯಲ್ಲಿ ತೂಕ ಬದಲಾಗದ ತನಕ ಒಣಗಿಸಿ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ಗಾಳಿಯಲ್ಲಿ ಒಣ ಸತ್ವ ಐದು ನಿಮಿಷಕ್ಕೇ ಬೆಲ್ಲದಂತೆ ಜಿಗುಟಾಗುತ್ತದೆ. ಒಲೆಯಿಂದ ತೆಗೆದ ಬಟ್ಟಲು ಸೀದಾ ಡೆಸಿಕೇಟರಿಗೆ (ತೇವ ಹೀರುವ ಸಿಲಿಕಾ ಇಟ್ಟ ಮುಚ್ಚಿದ ಪಾತ್ರೆ) ಹೋಗಬೇಕು, ಅದರೊಳಗಿನ ಸಿಲಿಕಾ ನೀಲಿಯಾಗಿರಬೇಕು. ಗುಲಾಬಿಯಾಗಿದ್ದರೆ ನೀವು ತೂಗುತ್ತಿರುವುದರಲ್ಲಿ ಮಳೆಗಾಲವೂ ಸೇರಿದೆ. ಮನುಷ್ಯನ ಡೋಸನ್ನು ಇಲಿಗೆ ಬದಲಿಸಲು, ಕೆ.ಜಿ. ತೂಕಕ್ಕೆ ಇಷ್ಟು ಎಂಬ ಲೆಕ್ಕವನ್ನು 6.2ರಿಂದ ಗುಣಿಸುತ್ತಾರೆ. 60 ಕೆ.ಜಿ. ಮನುಷ್ಯ ದಿನಕ್ಕೆ 6 ಗ್ರಾಂ ಒಣ ಸತ್ವ ಕುಡಿಯುತ್ತಾನೆ ಎಂದರೆ ಕೆ.ಜಿ.ಗೆ 100 ಮಿ.ಗ್ರಾಂ., ಇಲಿಗೆ ಕೆ.ಜಿ.ಗೆ 620 ಮಿ.ಗ್ರಾಂ.

ಇನ್ನು ಜೀವಕೋಶ. ಎಡವುವುದು ಹೆಚ್ಚು ಇಲ್ಲೇ, ಎಡವಿದ್ದು ಗೊತ್ತಾಗದಿರುವುದೂ ಇಲ್ಲೇ.

ಹೆಚ್ಚಿನವರು ಎಚ್‌ಕೆ-2 ಬಳಸುತ್ತಾರೆ. ಮನುಷ್ಯನ ಕಿಡ್ನಿಯ ಪ್ರಾಕ್ಸಿಮಲ್ ಟ್ಯೂಬ್ಯೂಲಿನಿಂದ (ಸೋಸಿದ ದ್ರವ ಮೊದಲು ಹರಿಯುವ ಸಣ್ಣ ನಾಳ) ತೆಗೆದು ಅಮರವಾಗಿಸಿದ ಕೋಶ. ಬೆಳೆಸಲು ಸುಲಭ, ಸಿಗುವುದೂ ಸುಲಭ. ಆದರೆ ರಕ್ತದಿಂದ ಔಷಧವನ್ನು ಒಳಗೆ ಎಳೆದುಕೊಳ್ಳುವ ಓಎಟಿ1, ಓಎಟಿ3, ಓಸಿಟಿ2 ಎಂಬ ವಾಹಕ ಪ್ರೋಟೀನುಗಳು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಟೆನೊಫೊವಿರ್‌ನಂಥ ಔಷಧ, ಈಶ್ವರಿ ಬೇರಿನ ಅರಿಸ್ಟೊಲೋಕಿಕ್ ಆಮ್ಲ ಇವೆಲ್ಲ ಕಿಡ್ನಿಕೋಶದೊಳಕ್ಕೆ ನುಗ್ಗುವುದು ಓಎಟಿ ಬಾಗಿಲಿನಿಂದಲೇ. ಬಾಗಿಲೇ ಇಲ್ಲದ ಮನೆಗೆ ಕಳ್ಳ ನುಗ್ಗಲಿಲ್ಲ ಎಂದು ಕಳ್ಳನನ್ನು ಒಳ್ಳೆಯವ ಎನ್ನಲಾಗದು. ಅಂಥ ವಸ್ತುವಾದರೆ ಓಎಟಿ1 ಸೇರಿಸಿದ ಸಿಐಪಿಟೆಕ್ ಕೋಶ ತರಿಸಬೇಕು. ಪೊರೆ ಕಟ್ಟಿ ತೂತಿಲ್ಲದೆ ನಿಲ್ಲುವ ಗುಣ ನೋಡಬೇಕಾದರೆ ಆರ್‌ಪಿಟೆಕ್-ಟರ್ಟ್1 ಒಳ್ಳೆಯದು. ಇದು ಪ್ಲೇಟು ತುಂಬಿದ ಮೇಲೂ ಒಂದೆರಡು ವಾರ ಬಿಟ್ಟರೆ ಗುಳ್ಳೆಗುಳ್ಳೆಯಾಗಿ ಎದ್ದು, ನೀರು ಉಪ್ಪು ಸಾಗಿಸುವ ನಿಜವಾದ ಟ್ಯೂಬ್ಯೂಲಿನಂತೆ ನಡೆದುಕೊಳ್ಳುತ್ತದೆ. ಆ ವಾರಗಳನ್ನು ಉಳಿಸಲು ಹೋಗಬೇಡಿ.

ಮೀಡಿಯಂನಲ್ಲಿ, ಅಂದರೆ ಕೋಶ ಬೆಳೆಸುವ ಪೋಷಕ ದ್ರವದಲ್ಲಿ, ಜೆಂಟಮೈಸಿನ್ ಇದೆಯೇ ನೋಡಿ. ಬ್ಯಾಕ್ಟೀರಿಯಾ ಬರದಿರಲೆಂದು ಮಿ.ಲೀ.ಗೆ 50 ಮೈಕ್ರೋಗ್ರಾಂ ಹಾಕುವ ಪದ್ಧತಿಯಿದೆ. ಅದೇ ಜೆಂಟಮೈಸಿನ್ ಪಠ್ಯಪುಸ್ತಕದ ಮೊದಲ ಸಾಲಿನ ಕಿಡ್ನಿ ವಿಷ. ಪೆನ್-ಸ್ಟ್ರೆಪ್‌ನ ಸ್ಟ್ರೆಪ್ಟೊಮೈಸಿನ್ ಕೂಡ ಅದೇ ವಂಶದ್ದು. ಪ್ರಯೋಗದ ದಿನಗಳಲ್ಲಾದರೂ ಇಲ್ಲದೆ ನಡೆಸಿ. ಮಳೆಗಾಲದಲ್ಲಿ ಬೂಷ್ಟಿನ ಹೆದರಿಕೆ ಇದ್ದೇ ಇರುತ್ತದೆ. ಅದಕ್ಕೆ ಮದ್ದು ಇನ್‌ಕ್ಯುಬೇಟರ್ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಬದಲಿಸಿ ಆಟೋಕ್ಲೇವ್ ಮಾಡಿದ ಡಿಸ್ಟಿಲ್ಡ್ ನೀರು ತುಂಬುವುದು. ತಟ್ಟೆಗೆ ಮೈಲುತುತ್ತದ ಹರಳು ಹಾಕುವವರೂ ಇದ್ದಾರೆ. ನಿಮ್ಮ ಪರೀಕ್ಷೆಯೇ ತಾಮ್ರದ ಮೇಲಾದರೆ ಆ ಉಪಾಯ ಬೇಡ.

ಪ್ಲೇಟು ಹೀಗೆ. 96 ವೆಲ್‌ನದು (ವೆಲ್ ಎಂದರೆ ಪುಟ್ಟ ಗುಳಿ), ಒಂದೊಂದಕ್ಕೆ 100 ಮೈಕ್ರೋಲೀಟರಿನಲ್ಲಿ 10,000 ಕೋಶ, 24 ಗಂಟೆ ಅಂಟಿಕೊಳ್ಳಲು ಬಿಡಿ. ಅಂಚಿನ ವೆಲ್‌ಗಳು ಬೇಗ ಒಣಗುವುದರಿಂದ ಅವಕ್ಕೆ ಬರೀ ಪಿಬಿಎಸ್ (ಕೋಶಕ್ಕೆ ಹೊಂದುವ ಉಪ್ಪುನೀರು). ಸತ್ವವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದರೆ ಕೊನೆಯಲ್ಲಿ ಅದು ಶೇ 0.5 ದಾಟಬಾರದು, 0.1ರೊಳಗಿದ್ದರೆ ಇನ್ನೂ ಒಳ್ಳೆಯದು. ಅಷ್ಟೇ ಡಿಎಂಎಸ್‌ಒ ಹಾಕಿದ, ಸತ್ವವಿಲ್ಲದ ವೆಲ್ ಇರಲೇಬೇಕು. ವಿಷದ ಮಾದರಿಯಾಗಿ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ 10ರಿಂದ 50 ಮೈಕ್ರೋಮೋಲಾರ್. ಕೈಗೆ ಸಿಕ್ಕಿತೆಂದು ಸಿಸ್‌ಪ್ಲಾಟಿನ್ನನ್ನೂ ಡಿಎಂಎಸ್‌ಒದಲ್ಲಿ ಕರಗಿಸುವ ತಪ್ಪು ಇಂದಿಗೂ ನಿಂತಿಲ್ಲ. ಡಿಎಂಎಸ್‌ಒ ಪ್ಲಾಟಿನಂಗೆ ತಾನೇ ಕಚ್ಚಿಕೊಂಡು ಔಷಧವನ್ನು ನಿಸ್ಸತ್ವ ಮಾಡುತ್ತದೆ. ಆಮೇಲೆ ಕೋಶ ಸಾಯುವುದಿಲ್ಲ, ನಿಮ್ಮ ಕಷಾಯದ ‘ರಕ್ಷಣೆ’ ಅದ್ಭುತವಾಗಿ ಕಾಣುತ್ತದೆ. ಶೇ 0.9ರ ಸಲೈನಿನಲ್ಲೇ ಕರಗಿಸಿ, ಬೆಳಕು ತಾಗದಂತೆ ಇಡಿ, ಅಲ್ಯೂಮಿನಿಯಂ ಇರುವ ಸೂಜಿ ಬೇಡ. ಮಿ.ಲೀ.ಗೆ 1 ಮಿ.ಗ್ರಾಂ. ದ್ರಾವಣವನ್ನು ಫ್ರಿಜ್ಜಿನಲ್ಲಿಟ್ಟರೆ ಹರಳುಗಟ್ಟುತ್ತದೆ.

ಈಗ ಎಂಟಿಟಿ. ಹಳದಿ ಪುಡಿ, ಜೀವಂತ ಕೋಶ ಅದನ್ನು ನೇರಳೆ ಮಾಡುತ್ತದೆ, ನೇರಳೆ ಹೆಚ್ಚಿದ್ದಷ್ಟೂ ಬದುಕಿದ ಕೋಶ ಹೆಚ್ಚು: ಲೆಕ್ಕಾಚಾರ ಇಷ್ಟೇ. ಮಿ.ಲೀ.ಗೆ 0.5 ಮಿ.ಗ್ರಾಂ., 2ರಿಂದ 4 ಗಂಟೆ, ದ್ರವ ತೆಗೆದು ಡಿಎಂಎಸ್‌ಒ ಹಾಕಿ 570 ನ್ಯಾನೋಮೀಟರಿನಲ್ಲಿ ಓದುವುದು. ತೊಡಕೆಂದರೆ, ಚೊಗರೂ ಅದನ್ನು ನೇರಳೆ ಮಾಡುತ್ತದೆ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಪು ಚೊಗರಿನ ಟ್ಯಾನಿನ್‌ಗಳಿಗೆ ಕೋಶದ ಹಂಗೇ ಬೇಡ. ಖಾಲಿ ವೆಲ್‌ನಲ್ಲೇ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತವೆ. ಅಳಲೆ, ತಾರೆ, ನೆಲ್ಲಿ, ಯಾವುದೇ ಮರದ ತೊಗಟೆ, ಎಲ್ಲಕ್ಕೂ ಇದೇ ಕಥೆ.

ಅಂಕಿಯಲ್ಲಿ ನೋಡೋಣ. ಸತ್ವವಿಲ್ಲದ ಕೋಶದ ಓದು 0.90, ಬರೀ ಮೀಡಿಯಂ 0.06, ಸತ್ವ ಹಾಕಿದ ಕೋಶ 0.82. ಮೀಡಿಯಂ ಕಳೆದರೆ 0.76ಕ್ಕೆ 0.84, ಶೇ 90 ಬದುಕಿವೆ, ಸಂಭ್ರಮಿಸಬಹುದು. ಈಗ ಕೋಶವಿಲ್ಲದ ವೆಲ್‌ನಲ್ಲಿ ಅದೇ ಸತ್ವ ಮತ್ತು ಎಂಟಿಟಿ ಹಾಕಿ ಓದಿ: 0.55 ಬಂತು ಎನ್ನಿ. 0.82ರಲ್ಲಿ 0.55 ಕಳೆದರೆ 0.27. ಬದುಕಿದ್ದು ಶೇ 32. ಒಂದು ಸಾಲು ವೆಲ್ ಹೆಚ್ಚಿಗೆ ಇಡದಿದ್ದರೆ ಸತ್ತ ಕೋಶಗಳೆಲ್ಲ ಬದುಕಿದವರ ಪಟ್ಟಿಗೆ ಸೇರುತ್ತವೆ. ಕಳೆಯುವುದಕ್ಕಿಂತ ಮೇಲು, ಎಂಟಿಟಿ ಹಾಕುವ ಮೊದಲು ಸತ್ವದ ಮೀಡಿಯಂ ತೆಗೆದು ಎರಡು ಸಲ ಪಿಬಿಎಸ್‌ನಲ್ಲಿ ತೊಳೆಯುವುದು. ಜೋರಾಗಿ ತೊಳೆದರೆ ಅರೆಜೀವದ ಕೋಶಗಳು ಎದ್ದು ಹೋಗುತ್ತವೆ, ಗೋಡೆಗೆ ತಾಗಿಸಿ ನಿಧಾನ ಸುರಿಯಬೇಕು. ತೊಳೆದ ಮೇಲೂ ಕೋಶವಿಲ್ಲದ ಸಾಲು ಇರಲಿ.

ಎದುರುದಿಕ್ಕಿನ ಮೋಸವೂ ಇದೆ. ಇದೇ ಪಾಲಿಫಿನಾಲ್‌ಗಳು ಮೀಡಿಯಂನಲ್ಲಿ ಗಾಳಿಗೆ ಆಕ್ಸಿಡೈಸ್ ಆಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಕೋಶ ಸಾಯುವುದು ಅದರಿಂದ. ದೇಹದೊಳಗೆ ಹಾಗಾಗಬೇಕೆಂದಿಲ್ಲ. ಒಂದು ಸಾಲಿಗೆ ಕ್ಯಾಟಲೇಸ್ ಕಿಣ್ವ ಸೇರಿಸಿ ನೋಡಿ, ಸಾವು ನಿಂತರೆ ಅದು ಪ್ಲೇಟಿನ ಸಾವು, ಕಿಡ್ನಿಯದಲ್ಲ. ಬಿಂಬುಳಿ, ಪುನರ್ಪುಳಿಯಂಥ ಹುಳಿ ರಸಗಳಲ್ಲಿ ಇನ್ನೂ ಸರಳ ಕಾರಣ: ಮೀಡಿಯಂ ಹಳದಿಗೆ ತಿರುಗಿದ್ದರೆ ಕೊಂದದ್ದು ಹುಳಿ. ಪಿಎಚ್ 7.4ಕ್ಕೆ ತಂದು ಮತ್ತೆ ಮಾಡಿ. ಬಿಂಬುಳಿಯ ಆಕ್ಸಲೇಟು ಮೀಡಿಯಂನ ಕ್ಯಾಲ್ಸಿಯಂ ಜತೆ ಸೇರಿ ಹರಳಾಗಿ ತಳಕ್ಕೆ ಕೂರುವುದರಿಂದ ‘ಇಷ್ಟು ಮೈಕ್ರೋಗ್ರಾಂ ಹಾಕಿದೆ’ ಎಂಬ ಲೆಕ್ಕವೂ ಹಳ್ಳ ಹಿಡಿಯುತ್ತದೆ. ತಾಮ್ರ ಸೀರಂನ ಅಲ್ಬುಮಿನ್ನಿಗೆ ಅಂಟಿಕೊಳ್ಳುವುದರಿಂದ ಶೇ 10ರ ಸೀರಂನಲ್ಲಿ ಸಾಧು, ಸೀರಂ ಇಲ್ಲದೆ ಉಗ್ರ.

ಎಂಟಿಟಿ ಒಂದನ್ನೇ ನೆಚ್ಚದೆ ಇನ್ನೊಂದು ದಾರಿಯಲ್ಲೂ ನೋಡಿ. ನ್ಯೂಟ್ರಲ್ ರೆಡ್ ಜೀವಂತ ಕೋಶದ ಒಳಚೀಲವಾದ ಲೈಸೊಸೋಮಿನೊಳಗೆ ಹೋಗಿ ಕೂರುವ ಬಣ್ಣ. 3 ಗಂಟೆ ಬಿಟ್ಟು, ತೊಳೆದು, 50 ಪಾಲು ಎಥನಾಲ್, 49 ಪಾಲು ನೀರು, 1 ಪಾಲು ಅಸಿಟಿಕ್ ಆಮ್ಲದಲ್ಲಿ ಬಿಡಿಸಿ 540ರಲ್ಲಿ ಓದುವುದು. ಚೊಗರಿನ ಕಾಟ ಇದಕ್ಕೆ ಕಡಿಮೆ. ಸತ್ತ ಕೋಶದಿಂದ ಹೊರಬರುವ ಎಲ್‌ಡಿಎಚ್ ಕಿಣ್ವದ ಸೋರಿಕೆ ಅಳೆಯುವವರು, ಟ್ಯಾನಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ ಎಂಬುದನ್ನು ಮರೆಯಬಾರದು. ಗೊತ್ತಿರುವಷ್ಟು ಎಲ್‌ಡಿಎಚ್ಚನ್ನು ಸತ್ವಕ್ಕೆ ಸೇರಿಸಿ ಪೂರ್ತಿ ವಾಪಸು ಸಿಗುತ್ತದೆಯೇ ನೋಡಿಕೊಂಡರೆ ಸಾಕು.

ಪ್ರಾಣಿ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು, ‘ಬಿ’ ಫಾರಂ ತುಂಬಬೇಕು. ಇಲಿ ನೋಂದಾಯಿತ ಸಾಕಣೆಯಿಂದಲೇ ಬರಬೇಕು. ತೋಟದ ಇಲಿ ಆಗದು. ಕಾನೂನಿನ ಮಾತು ಹಾಗಿರಲಿ, ನಮ್ಮ ಕಡೆ ಇಲಿಜ್ವರ ತರುವ ಲೆಪ್ಟೊಸ್ಪೈರಾ ಮನೆ ಮಾಡುವುದೇ ಇಲಿಯ ಕಿಡ್ನಿ ಟ್ಯೂಬ್ಯೂಲಿನಲ್ಲಿ. ಭಾರತದಲ್ಲಿ 2023ರ ತಿದ್ದುಪಡಿಯಿಂದ ಹೊಸ ಔಷಧಗಳಿಗೆ ಕೋಶ, ಆರ್ಗನ್ ಚಿಪ್‌ನಂಥ ಪ್ರಾಣಿರಹಿತ ವಿಧಾನಗಳಿಗೂ ದಾರಿ ತೆರೆದಿದೆ. ಆದರೆ ಇಡೀ ಕಷಾಯವನ್ನು ಬಾಯಿಂದ ತೆಗೆದುಕೊಂಡಾಗ ಯಕೃತ್ತು ಅದನ್ನು ಏನು ಮಾಡಿ ಕಿಡ್ನಿಗೆ ಕಳಿಸುತ್ತದೆ ಎಂಬುದನ್ನು ಒಂದೇ ಪ್ಲೇಟು ಹೇಳಲಾರದು.

ವಿಸ್ಟಾರ್ ಇಲಿ, 200 ಗ್ರಾಂ ಆಸುಪಾಸು. ವಿಷಪರೀಕ್ಷೆಗೆ ಅಂತಾರಾಷ್ಟ್ರೀಯ ಸಂಸ್ಥೆ ಓಇಸಿಡಿಯ 407ನೇ ಮಾರ್ಗಸೂಚಿಯಲ್ಲಿ 28 ದಿನ, ಗುಂಪಿಗೆ 5 ಗಂಡು 5 ಹೆಣ್ಣು. 408ರಲ್ಲಿ 90 ದಿನ, 10 ಗಂಡು 10 ಹೆಣ್ಣು. ಬರೀ ಗಂಡಿಲಿ ತೆಗೆದುಕೊಳ್ಳುವವರು ಗಮನಿಸಿ: ಗಂಡಿಲಿಯ ಯಕೃತ್ತು ಆಲ್ಫಾ-2ಯು-ಗ್ಲಾಬ್ಯುಲಿನ್ ಎಂಬ ಪ್ರೋಟೀನು ಮಾಡುತ್ತದೆ. ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್‌ನಂಥ ವಸ್ತುಗಳು ಅದಕ್ಕೆ ಅಂಟಿ ಟ್ಯೂಬ್ಯೂಲಿನಲ್ಲಿ ಗಾಜಿನ ಹನಿಗಳಂತೆ ತುಂಬಿಕೊಳ್ಳುತ್ತವೆ. ಮನುಷ್ಯರಿಗೆ ಅದು ಅನ್ವಯಿಸದು. ಹೆಣ್ಣಿಲಿಯ ಕಿಡ್ನಿ ಚೆನ್ನಾಗಿದ್ದು ಗಂಡಿನದ್ದು ಮಾತ್ರ ಕೆಟ್ಟಿದ್ದರೆ ಮೊದಲು ಇದನ್ನು ಅನುಮಾನಿಸಿ. ವಿಷದ ಗುಂಪಿಗೆ ಸಿಸ್‌ಪ್ಲಾಟಿನ್ ಹೊಟ್ಟೆಯೊಳಕ್ಕೆ ಚುಚ್ಚುಮದ್ದಾಗಿ ಕೆ.ಜಿ.ಗೆ 5ರಿಂದ 7 ಮಿ.ಗ್ರಾಂ. ಒಂದೇ ಸಲ, ಐದನೇ ದಿನದ ಹೊತ್ತಿಗೆ ಹಾನಿ ತುದಿಗೇರುತ್ತದೆ. ಜೆಂಟಮೈಸಿನ್ ಆದರೆ ಕೆ.ಜಿ.ಗೆ 80ರಿಂದ 100 ಮಿ.ಗ್ರಾಂ., ದಿನವೂ, ಏಳೆಂಟು ದಿನ.

ಉಚ್ಚೆ ಹಿಡಿಯುವುದು ಮೆಟಬಾಲಿಕ್ ಪಂಜರದಲ್ಲಿ, 24 ಗಂಟೆ, ಟ್ಯೂಬು ಐಸಿನಲ್ಲಿ. ಹೊಸ ಪಂಜರಕ್ಕೆ ಹಾಕಿದ ಮೊದಲ ದಿನ ಇಲಿ ಸರಿಯಾಗಿ ತಿನ್ನುವುದಿಲ್ಲ, ಕುಡಿಯುವುದಿಲ್ಲ; ಎರಡು ಮೂರು ದಿನ ಒಗ್ಗಿಸಿ. ಕ್ರಿಯಾಟಿನಿನ್ ಕ್ಲಿಯರೆನ್ಸ್ ಲೆಕ್ಕ: ಉಚ್ಚೆಯ ಕ್ರಿಯಾಟಿನಿನ್ನನ್ನು ನಿಮಿಷಕ್ಕೆ ಬಂದ ಉಚ್ಚೆಯಿಂದ ಗುಣಿಸಿ ಸೀರಂ ಕ್ರಿಯಾಟಿನಿನ್ನಿನಿಂದ ಭಾಗಿಸುವುದು. 24 ಗಂಟೆಗೆ 14.4 ಮಿ.ಲೀ. ಎಂದರೆ ನಿಮಿಷಕ್ಕೆ 0.01 ಮಿ.ಲೀ. 100 ಮಿ.ಲೀ. ಉಚ್ಚೆಯಲ್ಲಿ 80, ಅಷ್ಟೇ ಸೀರಂನಲ್ಲಿ 0.5 ಮಿ.ಗ್ರಾಂ. ಇದ್ದರೆ ಉತ್ತರ ನಿಮಿಷಕ್ಕೆ 1.6 ಮಿ.ಲೀ. ಇಲ್ಲೊಂದು ಸೂಕ್ಷ್ಮ: ಉಚ್ಚೆ ಆವಿಯಾದರೆ ಅಥವಾ ನೀರಿನ ಬಾಟಲಿ ತೊಟ್ಟಿಕ್ಕಿ ಸೇರಿದರೆ ಈ ಲೆಕ್ಕ ಕೆಡುವುದಿಲ್ಲ, ಒಂದು ಅಂಕಿ ಏರಿದಷ್ಟು ಇನ್ನೊಂದು ಇಳಿಯುತ್ತದೆ. ಚೆಲ್ಲಿದರೆ ಮಾತ್ರ ಕೆಡುತ್ತದೆ. ಕಾಲು ಭಾಗ ಫನೆಲಿಗೆ ಅಂಟಿ ಒಣಗಿ 10.8 ಮಿ.ಲೀ. ಸಿಕ್ಕರೆ 1.2 ಬರುತ್ತದೆ, ಇಲ್ಲದ ಹಾನಿ ಹುಟ್ಟುತ್ತದೆ. ಫನೆಲನ್ನು ಅಳತೆಯ ನೀರಿನಿಂದ ತೊಳೆದು ಅದನ್ನೂ ಸೇರಿಸಿ.

ಕ್ರಿಯಾಟಿನಿನ್ ಅಳೆಯಲು 1886ರಲ್ಲಿ ಮ್ಯಾಕ್ಸ್ ಯಾಫೆ ಕಂಡ ಪಿಕ್ರಿಕ್ ಆಮ್ಲದ ವಿಧಾನ ಇನ್ನೂ ನಡೆಯುತ್ತಿದೆ, ಅಗ್ಗ ಎಂಬ ಕಾರಣಕ್ಕೆ. ಗ್ಲೂಕೋಸ್, ಕೀಟೋನ್, ಪ್ರೋಟೀನ್ ಎಲ್ಲವೂ ಅದರಲ್ಲಿ ಕಿತ್ತಳೆ ಬಣ್ಣ ಕೊಡುತ್ತವೆ, ಬಿಲಿರುಬಿನ್ ಬಣ್ಣ ಇಳಿಸುತ್ತದೆ. ಮನುಷ್ಯನ 1.0ರಲ್ಲಿ 0.1 ಹೆಚ್ಚುಕಡಿಮೆಯಾದರೆ ನಡೆದೀತು, ಇಲಿಯ 0.4ರಲ್ಲಿ ಅದು ಕಾಲು ಭಾಗ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಯಾಫೆ ನಂಬುವುದು ಕೈಯಾರೆ ಮೋಸ ಹೋದಂತೆ. ಎನ್ಜೈಮ್ಯಾಟಿಕ್ ಕಿಟ್ಟಿಗೆ ದುಡ್ಡು ಹಾಕಿ. ಪಿಕ್ರಿಕ್ ಆಮ್ಲದ ಬಾಟಲಿ ಒಣಗಿದ್ದರೆ ಮುಚ್ಚಳ ತಿರುಗಿಸಲು ಹೋಗಬೇಡಿ. ಒಣಗಿದ್ದು ಸಿಡಿಯುತ್ತದೆ, ಸದಾ ನೀರಿನಡಿ ಇರಬೇಕು.

ಕ್ರಿಯಾಟಿನಿನ್ನಿಗಿಂತ ಮೊದಲೇ ಕೂಗುವವು ಉಚ್ಚೆಯ ಪ್ರೋಟೀನುಗಳು: ಕಿಮ್-1, ಕ್ಲಸ್ಟರಿನ್, ಎನ್‌ಗ್ಯಾಲ್, ಸಿಸ್ಟಾಟಿನ್-ಸಿ. ಇಲಿ ಅಧ್ಯಯನಗಳಿಗೆ ಇಂಥ ಏಳು ಸೂಚಕಗಳನ್ನು ಅಮೆರಿಕ, ಯೂರೋಪಿನ ಔಷಧ ನಿಯಂತ್ರಕರು 2008ರಲ್ಲೇ ಒಪ್ಪಿದ್ದಾರೆ. ಎಲೈಸಾಗೆ (ಈ ಪ್ರೋಟೀನುಗಳನ್ನು ಅಳೆಯುವ ಪರೀಕ್ಷೆ) ಇಡುವ ಉಚ್ಚೆಗೆ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕಬೇಡಿ, ಎಲೈಸಾದ ಪೆರಾಕ್ಸಿಡೇಸ್ ಕಿಣ್ವವನ್ನು ಅದು ಕೊಲ್ಲುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ, ಮೈನಸ್ 80ಕ್ಕೆ. ಗಾಳಿಮಳೆಗೆ ಎರಡು ದಿನ ಕರೆಂಟ್ ಹೋಗುವ ಊರಲ್ಲಿ ಜನರೇಟರ್ ಇಲ್ಲದ ಫ್ರೀಜರ್ ಬರೀ ಬೀರು. ಒಮ್ಮೆ ಕರಗಿ ಗಟ್ಟಿಯಾದ ಸ್ಯಾಂಪಲ್ಲಿಗೆ ಗುರುತು ಹಾಕಿ ಬೇರೆ ಇಡಿ. ಟ್ಯೂಬ್ಯೂಲ್ ಕೋಶದಿಂದ ಉಚ್ಚೆಗೆ ಸೋರುವ ಜಿಜಿಟಿ ಕಿಣ್ವವಾದರೆ ಫ್ರೀಜ್ ಮಾಡದೆ ಅಂದೇ ಅಳೆಯಿರಿ. ಫಲಿತಾಂಶವನ್ನು ಮಿ.ಗ್ರಾಂ. ಕ್ರಿಯಾಟಿನಿನ್ನಿಗೆ ಇಷ್ಟು ಎಂದೂ, 24 ಗಂಟೆಗೆ ಇಷ್ಟು ಎಂದೂ ಎರಡೂ ಬರೆಯಿರಿ. ಕಿಡ್ನಿ ಕೆಡುವ ಹೊತ್ತಲ್ಲಿ ಉಚ್ಚೆಯ ಕ್ರಿಯಾಟಿನಿನ್ನೇ ಕುಸಿಯುವುದರಿಂದ ಮೊದಲನೆಯದು ಸುಮ್ಮನೆ ಉಬ್ಬುತ್ತದೆ.

ಕೊನೆಗೆ ಸ್ಲೈಡು. ಇದರ ಮಾತಿಗೆ ಎದುರಿಲ್ಲ, ಆದರೆ ತಂದವರ ಕೈ ಚುರುಕಾಗಿರಬೇಕು. ಪ್ರಾಕ್ಸಿಮಲ್ ಟ್ಯೂಬ್ಯೂಲು ಸಾವಿನ ನಂತರ ನಿಮಿಷಗಳಲ್ಲಿ ಕೊಳೆಯತೊಡಗುತ್ತದೆ. ಕಿಡ್ನಿ ತೆಗೆದು, ತೂಗಿ, ಎಡದ್ದನ್ನು ಉದ್ದಕ್ಕೆ ಬಲದ್ದನ್ನು ಅಡ್ಡಕ್ಕೆ ಸೀಳಿದರೆ ಆಮೇಲೆ ಯಾವುದು ಯಾವುದೆಂಬ ಗೊಂದಲವಿಲ್ಲ. ಫಾರ್ಮಲಿನ್: 100 ಮಿ.ಲೀ. ಮೂಲ ಫಾರ್ಮಲಿನ್, 900 ಮಿ.ಲೀ. ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಫಾಸ್ಫೇಟ್. ಅಂಗದ ಹತ್ತರಿಂದ ಇಪ್ಪತ್ತು ಪಟ್ಟು ದ್ರವ, 24ರಿಂದ 48 ಗಂಟೆ. ಇಡೀ ಕಿಡ್ನಿಯನ್ನು ಸೀಳದೆ ಮುಳುಗಿಸಿದರೆ ಒಳಗೆ ಫಾರ್ಮಲಿನ್ ತಲುಪುವಷ್ಟರಲ್ಲಿ ಕಿಡ್ನಿಯ ಒಳಭಾಗವಾದ ಮೆಡುಲ್ಲಾ ಮಸುಕಾಗಿರುತ್ತದೆ. ಅದನ್ನು ನೋಡಿ ‘ನೆಕ್ರೋಸಿಸ್’ (ಕೋಶಗಳ ಸಾವು) ಎಂದು ಬರೆದ ರಿಪೋರ್ಟುಗಳಿಗೆ ಕೊರತೆಯಿಲ್ಲ. ನಿಜವಾದ ಸಾವು ತೇಪೆತೇಪೆಯಾಗಿರುತ್ತದೆ, ನಾಳದೊಳಗೆ ಉದುರಿದ ಕೋಶ, ನಾಳದ ಅಚ್ಚಿನಂತೆ ಗಟ್ಟಿಯಾದ ಕಾಸ್ಟ್‌ಗಳಿರುತ್ತವೆ. ಕೊಳೆತದ್ದು ಎಲ್ಲೆಡೆ ಒಂದೇ ಸಮ ಮಂಕು.

ಎಲ್ಲಿ ನೋಡಬೇಕು ಎಂಬುದು ವಿಷದ ಮೇಲೆ. ಜೆಂಟಮೈಸಿನ್ ಹೊಡೆಯುವುದು ಹೊರ ಕಾರ್ಟೆಕ್ಸನ್ನು (ಕಾರ್ಟೆಕ್ಸ್ ಎಂದರೆ ಕಿಡ್ನಿಯ ಹೊರಪದರ). ಸಿಸ್‌ಪ್ಲಾಟಿನ್ ಹೊಡೆಯುವುದು ಕಾರ್ಟೆಕ್ಸು ಮೆಡುಲ್ಲಾ ಸೇರುವಲ್ಲಿನ ಪಟ್ಟಿಯನ್ನು. ಸೆಕ್ಷನ್ನಿನಲ್ಲಿ ಆ ಪಟ್ಟಿಯೇ ಇಲ್ಲದಿದ್ದರೆ ಎಷ್ಟು ಫೀಲ್ಡ್ ಎಣಿಸಿದರೂ ಏನು ಬಂತು? ಮಾಮೂಲಿ ಎಚ್ ಆಂಡ್ ಇ ಬಣ್ಣದ ಜತೆಗೆ ಪಿಎಎಸ್ ಬಣ್ಣವೂ ಬೇಕು, ಟ್ಯೂಬ್ಯೂಲ್ ಕೋಶದ ಒಳಅಂಚಿನ ಬ್ರಶ್ಶಿನಂಥ ಎಳೆಗಳು (ಬ್ರಶ್ ಬಾರ್ಡರ್) ಉದುರಿದ್ದು ಅದರಲ್ಲೇ ಚೆನ್ನಾಗಿ ಕಾಣುವುದು. ಬಿಂಬುಳಿ, ಧಾರೆಹುಳಿಯ ಪರೀಕ್ಷೆಯಾದರೆ ಪೋಲರೈಸಿಂಗ್ ಫಿಲ್ಟರ್ ಹಾಕಿ: ಮಾಮೂಲಿ ಬೆಳಕಲ್ಲಿ ಕಣ್ಣುತಪ್ಪುವ ಆಕ್ಸಲೇಟ್ ಹರಳು ಕಪ್ಪು ಹಿನ್ನೆಲೆಯಲ್ಲಿ ನಕ್ಷತ್ರದಂತೆ ಹೊಳೆಯುತ್ತದೆ. ಕೇರಳದಲ್ಲಿ ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ ಹತ್ತು ಮಂದಿಯ ವಿವರ 2013ರಲ್ಲಿ ಪ್ರಕಟವಾಗಿದೆ. ಗೊಜ್ಜಿಗೆ ನಾಲ್ಕು ಕಾಯಿ ಹಾಕುವುದು ಬೇರೆ, ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಬೇರೆ. ಸ್ಲೈಡ್ ಓದುವವರಿಗೆ ಗುಂಪು ಗೊತ್ತಿರಬಾರದು. ಚೀಟಿಯ ಮೇಲೆ ಸಂಖ್ಯೆ ಮಾತ್ರ.

ಓಇಸಿಡಿಯ ಆ 407ರಲ್ಲಿ ಹೆಚ್ಚಿನವರು ಖರ್ಚಿಗೆ ಹೆದರಿ ಬಿಡುವ ಒಂದು ಗುಂಪಿದೆ: ಡೋಸ್ ನಿಲ್ಲಿಸಿ ಇನ್ನೂ 14 ದಿನ ಇಡುವ ಇಲಿಗಳು. ಜೆಂಟಮೈಸಿನ್ ಗಾಯವಾದರೆ ಅಷ್ಟರಲ್ಲಿ ಹೊಸ ಟ್ಯೂಬ್ಯೂಲ್ ಕೋಶಗಳು ನೀಲಿನೀಲಿಯಾಗಿ ಸಾಲುಗಟ್ಟಿರುತ್ತವೆ. ಅರಿಸ್ಟೊಲೋಕಿಕ್ ಆಮ್ಲದ್ದು ಹಾಗಲ್ಲ. ಡಿಎನ್‌ಎಗೆ ಅಂಟಿಕೊಂಡು ಕೂತು, ಕೊಡುವುದು ನಿಲ್ಲಿಸಿದ ಮೇಲೂ ಟ್ಯೂಬ್ಯೂಲುಗಳ ನಡುವೆ ನಾರು ಕಟ್ಟುತ್ತಲೇ ಹೋಗುತ್ತದೆ, ಅಲ್ಲಿ ಉರಿಯೂತದ ಕೋಶಗಳೂ ಹೆಚ್ಚು ಸಿಗುವುದಿಲ್ಲ. 28ನೇ ದಿನದ ಕ್ರಿಯಾಟಿನಿನ್ ನೋಡಿ ಫೈಲು ಮುಚ್ಚಿದವರಿಗೆ ಆ ನಾರು ಕಾಣುವುದೇ ಇಲ್ಲ.